ಕೂಗುವ ಸ್ಟ್ಯಾಂಡಿಗೆ ಮಗೂನ ಕರ್ಕೊಂಡು ಹೋಗಬಹುದೇ?

ಕಂಠೀರವದಲ್ಲಿ ಫುಟ್‌ಬಾಲ್ ಮ್ಯಾಚ್ ಇರುವ ಸಂಜೆ ಕಾರ್ಪೊರೇಷನ್ ಹತ್ತಿರ ಬಸ್ಸಿಳಿಯುವವರನ್ನು ಗಮನಿಸಿ. ನೀಲಿ ಜರ್ಸಿ ತೊಟ್ಟ ಹುಡುಗರು ಗುಂಪುಗುಂಪಾಗಿ ಇಳಿಯುತ್ತಾರೆ. ಅದರಲ್ಲಿ ಹೊಸದೇನೂ ಇಲ್ಲ. ಆದರೆ ಅವರ ಮಧ್ಯೆ ಅಪ್ಪನ ಕಿರುಬೆರಳು ಹಿಡಿದುಕೊಂಡು, ಮೊಣಕಾಲಿನವರೆಗೆ ಇಳಿಬಿದ್ದ ಜರ್ಸಿ ತೊಟ್ಟುಕೊಂಡು ಪುಟಾಣಿಗಳೂ ಇಳಿಯುತ್ತವೆ. ಆ ಮಗು ಹೋಗಿ ಆರಾಮದ ಕುರ್ಚಿಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾ ಆಟ ನೋಡಿದರೆ ಯಾರ ತಕರಾರೂ ಇಲ್ಲ. ತಕರಾರು ಏಳುವುದು, ಅಪ್ಪ ಅದನ್ನು ಡೋಲು ಬಡಿಯುವ ಸ್ಟ್ಯಾಂಡಿನ ಕಡೆ ತಿರುಗಿಸಿದಾಗ.

ಏನಿದು ಡೋಲು ಬಡಿಯುವ ಸ್ಟ್ಯಾಂಡು? ಕ್ರಿಕೆಟ್ ಒಂದೇ ನೋಡಿ ಗೊತ್ತಿರುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಜಗತ್ತಿನ ಹಲವು ದೊಡ್ಡ ಫುಟ್‌ಬಾಲ್ ಕ್ಲಬ್ಬುಗಳ ಕ್ರೀಡಾಂಗಣದಲ್ಲಿ ಒಂದು ಭಾಗ ಕಟ್ಟಾ ಅಭಿಮಾನಿಗಳಿಗೆ ಮೀಸಲು. ಅಲ್ಲಿ ಯಾರೂ ಕೂರುವುದಿಲ್ಲ. ತೊಂಬತ್ತು ನಿಮಿಷವೂ ನಿಂತೇ ಇರಬೇಕು. ಒಬ್ಬ ಮುಂದಾಳು ಮೈದಾನಕ್ಕೆ ಬೆನ್ನು ತಿರುಗಿಸಿ, ಕೈಯಲ್ಲಿ ಮೈಕು ಹಿಡಿದು ಕೂಗು ಎತ್ತಿಕೊಡುತ್ತಾನೆ. ಉಳಿದವರು ಭಜನೆಯಲ್ಲಿ ಸೊಲ್ಲು ತೆಗೆದುಕೊಂಡ ಹಾಗೆ ಅದನ್ನು ಎತ್ತಿಕೊಳ್ಳುತ್ತಾರೆ. ಡೋಲು, ಬಾವುಟ, ಇಡೀ ಸ್ಟ್ಯಾಂಡನ್ನೇ ಮುಚ್ಚುವಷ್ಟು ದೊಡ್ಡ ಬಟ್ಟೆಯ ಚಿತ್ರ. ತಂಡ ಗೆದ್ದರೂ ಕೂಗು, ಸೋತರೂ ಕೂಗು. ಜರ್ಮನಿಯ ಡಾರ್ಟ್‌ಮುಂಡ್ ಊರಿನ ಕ್ರೀಡಾಂಗಣದಲ್ಲಿ ಇಂಥ ಒಂದೇ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ನಿಲ್ಲುತ್ತಾರೆ ಎಂದರೆ ಲೆಕ್ಕ ಹಾಕಿಕೊಳ್ಳಿ.

ಬೆಂಗಳೂರಿನಲ್ಲಿ ಈ ಪದ್ಧತಿ ಬೇರುಬಿಟ್ಟಿದ್ದು 2013ರಲ್ಲಿ. ಆ ವರ್ಷ ಬೆಂಗಳೂರು ಎಫ್‌ಸಿ ಎನ್ನುವ ಕ್ಲಬ್ಬು ಹುಟ್ಟಿತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಒಂದಷ್ಟು ಹುಡುಗರು ಸೇರಿ ಕೂಗಲು ಶುರು ಮಾಡಿದರು. ಆ ಪಶ್ಚಿಮ ದಿಕ್ಕೇ ಅವರ ಹೆಸರಾಯಿತು: ವೆಸ್ಟ್ ಬ್ಲಾಕ್ ಬ್ಲೂಸ್. ಮೊದಲ ವರ್ಷವೇ ಕ್ಲಬ್ಬು ಐ-ಲೀಗ್ ಗೆದ್ದು ಕೂತಿತು. 2014ರಲ್ಲಿ ಕಂಠೀರವಕ್ಕೆ ಬಂದ ಮೇಲೆ ಕೂಗುವವರ ಸಂಖ್ಯೆಯೂ ಬೆಳೆಯಿತು. ಸಂಪಂಗಿ ಕೆರೆಯ ಅಂಗಳದ ಮೇಲೆ ಎದ್ದ ಈ ಕ್ರೀಡಾಂಗಣದಲ್ಲಿ 2016ರ ಅಕ್ಟೋಬರ್ 19ರ ರಾತ್ರಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಬಡಿದಾಗ, ಎಎಫ್‌ಸಿ ಕಪ್ಪಿನ ಫೈನಲ್ಲಿಗೆ ಹೋದ ಭಾರತದ ಮೊದಲ ಕ್ಲಬ್ಬು ಅಂತ ಬೆಂಗಳೂರಿಗೆ ಹೆಸರು ಬಂತು. ಆ ರಾತ್ರಿ ಅಲ್ಲಿದ್ದವರು ಇವತ್ತಿಗೂ ಅದನ್ನು ಹಬ್ಬದಂತೆ ನೆನೆಯುತ್ತಾರೆ.

ಈಗ ಲೆಕ್ಕ ನೋಡಿ. 2013ರಲ್ಲಿ ಕಾಲೇಜು ಹುಡುಗರಾಗಿದ್ದವರಿಗೆ ಮದುವೆಯಾಗಿ ಮಕ್ಕಳಾಗಿವೆ. ಕ್ಲಬ್ಬು ಹುಟ್ಟಿದ ವರ್ಷವೇ ಹುಟ್ಟಿದ ಮಗು ಹೈಸ್ಕೂಲಿನ ಮೆಟ್ಟಿಲು ಹತ್ತಿದೆ. ಹುಡುಗನಾಗಿದ್ದಾಗ ಡೋಲು ಬಡಿದವನು ಅಪ್ಪನಾದ ಮೇಲೆ ಏನು ಮಾಡಬೇಕು? ಮಗುವನ್ನು ಮನೆಯಲ್ಲಿ ಬಿಟ್ಟು ತಾನೊಬ್ಬನೇ ಹೋಗಬೇಕೋ? ಮಗುವಿನ ಜೊತೆ ದೂರದ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕೋ? ಇಲ್ಲಾ ಅದನ್ನೂ ಕೂಗುವ ಸ್ಟ್ಯಾಂಡಿಗೆ ಎಳೆದುಕೊಂಡು ಹೋಗಬೇಕೋ?

ಇದು ಮನೆಮನೆಯ ಮಾತು. "ರೀ, ಆ ಗದ್ದಲದೊಳಗೆ ಮಗೂನ ಯಾಕ್ರೀ ಕರ್ಕೊಂಡು ಹೋಗ್ತೀರಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂತ ಹೆಂಡತಿ ಕೇಳುತ್ತಾಳೆ. "ನಾನಿಲ್ವೇನೇ? ಸುಮ್ನಿರು" ಅಂತ ಗಂಡ ಶೂ ಲೇಸು ಕಟ್ಟಿಕೊಳ್ಳುತ್ತಾನೆ. ಮಗು ಆಗಲೇ ಗೇಟಿನ ಹತ್ತಿರ ನಿಂತು ಕುಣಿಯುತ್ತಿರುತ್ತದೆ. ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ. ಗಂಡ ಕೊಟ್ಟಿದ್ದು ಅರ್ಧ ಉತ್ತರ.

ಮಕ್ಕಳಿಲ್ಲದೆ ಕ್ಲಬ್ಬು ಬದುಕೀತೇ?

ಮೊದಲು ಗಂಡನ ಪರವಾಗಿ ಎರಡು ಮಾತು. ಕಲ್ಕತ್ತೆಯನ್ನು ನೋಡಿ. ಮೋಹನ್ ಬಗಾನ್ 1889ರ ಕ್ಲಬ್ಬು, ಈಸ್ಟ್ ಬೆಂಗಾಲ್ 1920ರದು. ಅಲ್ಲಿ ಮಗು ಯಾವ ಕ್ಲಬ್ಬಿನ ಪಾರ್ಟಿ ಅನ್ನುವುದು ತೊಟ್ಟಿಲಲ್ಲೇ ತೀರ್ಮಾನವಾಗಿಬಿಡುತ್ತದೆ. ಪೂರ್ವ ಬಂಗಾಳದಿಂದ ಬಂದ ಮನೆಯದಾದರೆ ಈಸ್ಟ್ ಬೆಂಗಾಲ್, ಗೆದ್ದ ದಿನ ಹಿಲ್ಸಾ ಮೀನು. ಈಚೆ ಕಡೆಯ ಮನೆಯಾದರೆ ಮೋಹನ್ ಬಗಾನ್, ಗೆದ್ದ ದಿನ ಸೀಗಡಿ. ತಾತ ಅಪ್ಪನನ್ನು ಕರೆದುಕೊಂಡು ಹೋದ, ಅಪ್ಪ ಮಗನನ್ನು ಕರೆದುಕೊಂಡು ಹೋದ. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳ ಫೆಡರೇಷನ್ ಕಪ್ ಸೆಮಿಫೈನಲ್ಲಿಗೆ 1 ಲಕ್ಷ 31 ಸಾವಿರ ಜನ ಸೇರಿದ್ದರಲ್ಲ, ಅದು ಜಾಹೀರಾತಿನಿಂದ ಸೇರಿದ ಜನವಲ್ಲ. ತಲೆಮಾರುಗಳಿಂದ ಬಂದ ಜನ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1937ರಲ್ಲೂ 1938ರಲ್ಲೂ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಎತ್ತಿಕೊಂಡು ಬಂದಿತ್ತು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು. ಕೊನೆಯ ಸಲ 1968-69ರಲ್ಲಿ. ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ ಜನ ಇವರು. ಆಸ್ಟಿನ್ ಟೌನಿನ ಹುಡುಗರಿಗೆ ಚೆಂಡು ಒದೆಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಡುವೆ ಸರಪಳಿ ಕಡಿದುಹೋಯಿತು. ಟೀವಿ ಬಂತು, ಕ್ರಿಕೆಟ್ ಬಂತು. ಮತ್ತೆ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಬರಲು 2023ರ ಮಾರ್ಚ್‌ವರೆಗೆ, ಅಂದರೆ 54 ವರ್ಷ ಕಾಯಬೇಕಾಯಿತು. ಅದೂ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ಸರಪಳಿ ಕಡಿದರೆ ಏನಾಗುತ್ತದೆ ಅನ್ನುವುದಕ್ಕೆ 2018ರ ಜೂನ್ ತಿಂಗಳ ಕಥೆ ಸಾಕು. ಮುಂಬೈಯಲ್ಲಿ ಭಾರತ ತಂಡ ಆಡುತ್ತಿದ್ದಾಗ ಸ್ಟೇಡಿಯಮ್ಮಿಗೆ ಬಂದವರು ಬರೀ ಎರಡೂವರೆ ಸಾವಿರ ಚಿಲ್ಲರೆ ಜನ. ಬೆಂಗಳೂರು ಎಫ್‌ಸಿಯ ನಾಯಕನೂ ಆಗಿದ್ದ ಸುನಿಲ್ ಛೆಟ್ರಿ ಕೈಮುಗಿದು ಕೇಳಿಕೊಳ್ಳಬೇಕಾಯಿತು: ಬೈಯುವುದಕ್ಕಾದರೂ ಸ್ಟೇಡಿಯಮ್ಮಿಗೆ ಬನ್ನಿ ಅಂತ. ಮುಂದಿನ ಮ್ಯಾಚಿಗೆ ಟಿಕೆಟ್ಟೆಲ್ಲ ಖರ್ಚಾದವು, ಅದು ಬೇರೆ ಮಾತು. ಆದರೆ ಪ್ರತಿ ಸಲ ನಾಯಕನೇ ಕೈಮುಗಿದು ಜನರನ್ನು ಕರೆಯಲಾದೀತೇ? ಜನ ತಾವಾಗಿ ಬರಬೇಕಾದರೆ ಚಿಕ್ಕಂದಿನಲ್ಲೇ ಆ ರುಚಿ ಹತ್ತಬೇಕು. ರುಚಿ ಹತ್ತುವುದು ದೂರದ ಕುರ್ಚಿಯಲ್ಲಲ್ಲ. ಕಂಠೀರವದಲ್ಲಿ ಮೈದಾನಕ್ಕೂ ಸ್ಟ್ಯಾಂಡಿಗೂ ಮಧ್ಯೆ ಓಟದ ಟ್ರ್ಯಾಕು ಬೇರೆ ಇದೆ. ಆಟಗಾರರೇ ಚಿಕ್ಕವರಾಗಿ ಕಾಣುತ್ತಾರೆ. ಅಂಥ ಕಡೆ ಮಗುವನ್ನು ಹಿಡಿದಿಡುವುದು ಆಟಕ್ಕಿಂತ ಹೆಚ್ಚಾಗಿ ಪಕ್ಕದ ಡೋಲು, ಕೂಗು, ಸಾವಿರ ಜನ ಒಟ್ಟಿಗೆ ತಟ್ಟುವ ಚಪ್ಪಾಳೆ. ಜಾತ್ರೆಯಲ್ಲಿ ಮಗುವಿಗೆ ದೇವರಿಗಿಂತ ಮೊದಲು ತೇರು ಕಾಣುವ ಹಾಗೆ.

ಇಷ್ಟು ಗಂಡನ ಕಡೆಯ ವಾದ. ಇನ್ನು ಹೆಂಡತಿಯ ಕಡೆಗೆ ಬರೋಣ.

ಹೆದರಿಕೆಗೆ ಕಾರಣ ಇದೆ

ಕಬ್ಬನ್ ಪಾರ್ಕಿನ ಒಂದು ಬದಿಗೆ ಕಂಠೀರವ, ಇನ್ನೊಂದು ಬದಿಗೆ ಚಿನ್ನಸ್ವಾಮಿ. 2025ರ ಜೂನ್ 4ರಂದು ಆ ಇನ್ನೊಂದು ಬದಿಯಲ್ಲಿ ನಡೆದದ್ದನ್ನು ಈ ಊರಿನ ಯಾವ ತಾಯಿಯೂ ಮರೆತಿಲ್ಲ. ಹಿಂದಿನ ರಾತ್ರಿ ಆರ್‌ಸಿಬಿ ಕಪ್ ಗೆದ್ದಿತ್ತು. ವಿಜಯೋತ್ಸವ ನೋಡಲು ಬಂದ ಜನ ಗೇಟುಗಳ ಹತ್ತಿರ ನುಗ್ಗಾಟದಲ್ಲಿ ಸಿಕ್ಕಿಕೊಂಡರು. 11 ಜನ ಸತ್ತರು. ಅವರಲ್ಲಿ ಮೀಸೆ ಮೂಡದವರೂ ಇದ್ದರು, ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅವತ್ತು ಅಲ್ಲಿ ಜಗಳವಿರಲಿಲ್ಲ, ಎದುರಾಳಿ ಅಭಿಮಾನಿಗಳಿರಲಿಲ್ಲ. ಬರೀ ಸಂತೋಷ ಇತ್ತು. ಸಂತೋಷವೂ ಕೊಲ್ಲುತ್ತದೆ ಅನ್ನುವುದು ಗೊತ್ತಾಯಿತು.

ಫುಟ್‌ಬಾಲಿನ ಚರಿತ್ರೆಯಲ್ಲಿ ಇಂಥವು ಇನ್ನೂ ಇವೆ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಇದೇ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಮ್ಯಾಚಿನ ಹೊಡೆದಾಟದಲ್ಲಿ 16 ಜನ ಅಭಿಮಾನಿಗಳು ಸತ್ತರು. ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ 1989ರ ಏಪ್ರಿಲ್ 15ರಂದು ನಿಲ್ಲುವ ಸ್ಟ್ಯಾಂಡಿನ ಕಂಬಿ ಬೇಲಿಯೊಳಗೆ ಜನರನ್ನು ತುಂಬಿಬಿಟ್ಟರು. ಒಟ್ಟು 97 ಜೀವ ಹೋಯಿತು. ಅವರಲ್ಲಿ ತೀರ ಚಿಕ್ಕವನಿಗೆ 10 ವರ್ಷ. ಇಂಡೋನೇಷ್ಯಾದ ಮಲಾಂಗ್ ಊರಿನ ಕಂಜುರುಹಾನ್ ಕ್ರೀಡಾಂಗಣದಲ್ಲಿ 2022ರ ಅಕ್ಟೋಬರ್ 1ರಂದು ಮ್ಯಾಚು ಮುಗಿದ ಮೇಲೆ ಪೊಲೀಸರು ಸ್ಟ್ಯಾಂಡಿನ ಕಡೆಗೇ ಅಶ್ರುವಾಯು ಹೊಡೆದರು. ಜನ ಕಿರಿದಾದ ಗೇಟುಗಳ ಕಡೆ ಓಡಿದರು. 135 ಸಾವು, ಅದರಲ್ಲಿ ಮೂವತ್ತಕ್ಕೂ ಮೇಲೆ ಮಕ್ಕಳು. ಅಪ್ಪ ಅಮ್ಮನ ಕೈ ಹಿಡಿದು ಬಂದಿದ್ದ ಮಕ್ಕಳು.

ಈ ಪಟ್ಟಿಯನ್ನು ಸರಿಯಾಗಿ ಓದಿ ನೋಡಿ. ಈಡನ್ ಒಂದನ್ನು ಬಿಟ್ಟರೆ ಉಳಿದ ಕಡೆ ಮೊದಲು ಕೈಕೊಟ್ಟದ್ದು ಗೇಟು, ಬೇಲಿ, ಪೊಲೀಸು, ವ್ಯವಸ್ಥೆ. ಕೂಗಿನಿಂದ ಯಾರೂ ಸಾಯಲಿಲ್ಲ. ನುಗ್ಗಾಟದಲ್ಲಿ ಸಾಯುವವರು ಹೆಚ್ಚಾಗಿ ಕಾಲ್ತುಳಿತದಿಂದ ಸಾಯುವುದಿಲ್ಲ; ನಿಂತಲ್ಲೇ ಎದೆ ಒತ್ತಿಕೊಂಡು ಉಸಿರು ಕಟ್ಟಿ ಸಾಯುತ್ತಾರೆ. ಒಂದು ಚದರ ಮೀಟರು ಜಾಗದಲ್ಲಿ ಐದು ಜನಕ್ಕಿಂತ ಹೆಚ್ಚು ಸೇರಿದರೆ ಅಪಾಯ ಶುರು ಅಂತ ಜನಸಂದಣಿಯ ಲೆಕ್ಕ ಬಲ್ಲವರು ಹೇಳುತ್ತಾರೆ. ಆಮೇಲೆ ಜನ ಜನರಾಗಿ ಉಳಿಯುವುದಿಲ್ಲ, ನೀರಿನ ಹಾಗೆ ಹರಿಯುತ್ತಾರೆ. ಆ ನೀರಿನಲ್ಲಿ ಮೂರಡಿ ಎತ್ತರದ ಮಗುವಿಗೆ ಕಾಣುವುದು ಬೆನ್ನುಗಳು ಮಾತ್ರ. ಅದಕ್ಕೆ ಗಾಳಿಯೂ ಸಿಗುವುದಿಲ್ಲ.

ಆದ್ದರಿಂದ ತಾಯಿ ಕೇಳಬೇಕಾದ ಪ್ರಶ್ನೆ "ಅಲ್ಲಿ ಗದ್ದಲ ಇರುತ್ತಾ?" ಅನ್ನುವುದಲ್ಲ. "ಗೇಟು ಎಷ್ಟಿವೆ? ಆಚೆ ಬರೋ ದಾರಿ ಯಾವುದು? ಟಿಕೆಟ್ಟಿಗಿಂತ ಹೆಚ್ಚು ಜನಾನ ಒಳಗೆ ಬಿಡ್ತಾರಾ?" ಅನ್ನುವುದು. ಈ ಪ್ರಶ್ನೆಯನ್ನು ಗಂಡನಿಗೆ ಮಾತ್ರ ಕೇಳಿದರೆ ಸಾಲದು. ಮ್ಯಾಚು ನಡೆಸುವವರಿಗೆ, ಬಂದೋಬಸ್ತಿಗೆ ನಿಂತವರಿಗೆ ಕೇಳಬೇಕು. ಟಿಕೆಟ್ ದುಡ್ಡು ಎಣಿಸಿಕೊಳ್ಳುವಾಗ ಇರುವ ಎಚ್ಚರ ತಲೆ ಎಣಿಸುವಾಗಲೂ ಇರಬೇಕು.

ಮಕ್ಕಳಿಗೇ ಬೇರೆ ಬೇಲಿ ಹಾಕಿದರೆ?

"ಹಂಗಾದ್ರೆ ಮಕ್ಕಳಿಗೇ ಒಂದು ಬೇರೆ ಜಾಗ ಮಾಡಿಬಿಡಿ, ತಲೆನೋವೇ ಇರಲ್ಲ" ಅನ್ನುವವರಿದ್ದಾರೆ. ಇಂಗ್ಲೆಂಡಿನವರು ಇದನ್ನೂ ಮಾಡಿ ನೋಡಿದ್ದಾರೆ. ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಕ್ರೀಡಾಂಗಣದಲ್ಲಿ ಕಾಪ್ ಅನ್ನುವ ಹೆಸರಾಂತ ಸ್ಟ್ಯಾಂಡು. ಅದರ ಒಂದು ಮೂಲೆಯಲ್ಲಿ ಹುಡುಗರಿಗೆ ಅಂತಲೇ ಕಂಬಿ ಹಾಕಿದ ದೊಡ್ಡಿ ಇತ್ತು. 1970ರ ದಶಕದ ಕೊನೆಯ ತನಕ ನಡೆಯಿತು. ದೊಡ್ಡವರಿಲ್ಲದ ಕಡೆ ಮಕ್ಕಳು ದೇವರ ಮಕ್ಕಳಾಗಿರುತ್ತಾರೆ ಅಂತ ಅಂದುಕೊಂಡಿದ್ದರೇನೋ. ಆಗಿದ್ದು ಬೇರೆ. ಬಲ ಇದ್ದ ಹುಡುಗ ಬಲ ಇಲ್ಲದವನಿಗೆ ಬಡಿಯುವುದು, ಕಂಬಿ ಹತ್ತಿ ಮೇಲಿನ ತೊಲೆ ಹಿಡಿದು ದೊಡ್ಡವರ ಸ್ಟ್ಯಾಂಡಿಗೆ ಜಿಗಿಯುವುದು, ಇದೇ ಆಟವಾಯಿತು. ಮಕ್ಕಳಿಗೆ ಬೇಕಾಗಿದ್ದು ತಮ್ಮದೇ ದೊಡ್ಡಿಯಲ್ಲ. ದೊಡ್ಡವರ ಪಕ್ಕ ಒಂದು ಜಾಗ.

ಅದೇ ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ, ಗೂಂಡಾಗಿರಿಯ ಕಾಟ ಮಿತಿಮೀರಿದ್ದ ಕಾಲಕ್ಕೆ, ವಾಟ್‌ಫರ್ಡ್ ಅನ್ನುವ ಚಿಕ್ಕ ಊರಿನ ಕ್ಲಬ್ಬು ಇನ್ನೊಂದು ದಾರಿ ಹಿಡಿಯಿತು. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ನೋಡುವ ಜಾಗ ಮಾಡಿತು. ಮಗು ಪಕ್ಕದಲ್ಲಿದ್ದರೆ ದೊಡ್ಡವರ ಕೈಯೂ ಬಾಯಿಯೂ ಸ್ವಲ್ಪ ಹಿಡಿತದಲ್ಲಿರುತ್ತೆ ಅನ್ನುವುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ. ಬೇರೆ ಕ್ಲಬ್ಬುಗಳೂ ಆಮೇಲೆ ಅದೇ ದಾರಿ ಹಿಡಿದವು.

ಬಾಯಿಯ ಮಾತು

ಗೇಟು, ಬೇಲಿಯ ಮಾತು ಆಯಿತು. ಇನ್ನೊಂದು ತಕರಾರು ಬೈಗುಳದ್ದು. ಕೂಗುವ ಸ್ಟ್ಯಾಂಡು ಎಂದ ಮೇಲೆ ಎದುರಾಳಿಯನ್ನು, ರೆಫರಿಯನ್ನು ಕಿಚಾಯಿಸುವುದು ಇದ್ದೇ ಇರುತ್ತದೆ. ಕಿಚಾಯಿಸುವುದು ಬೇರೆ, ಅಮ್ಮ ಅಕ್ಕನನ್ನು ಎಳೆದು ತರುವುದು ಬೇರೆ. ಲೋಕದ ಯಾವ ಊರಿನ ಸ್ಟ್ಯಾಂಡೂ ಈ ಎರಡರ ಗೆರೆ ದಾಟಿಯೇ ಇಲ್ಲ ಅಂತ ಎದೆ ತಟ್ಟಿ ಹೇಳಲಾರದು.

ಇಟಲಿಯ ಟ್ಯೂರಿನ್‌ನಲ್ಲಿ ನಡೆದ ಪ್ರಸಂಗ ಇದಕ್ಕೆ ಕನ್ನಡಿ ಹಿಡಿಯುತ್ತದೆ. 2013ರಲ್ಲಿ ಯುವೆಂಟಸ್ ಕ್ಲಬ್ಬಿನ ಕಟ್ಟಾ ಅಭಿಮಾನಿಗಳು ನೇಪಲ್ಸ್ ಊರಿನವರನ್ನು ಹೀಯಾಳಿಸಿ ಕೂಗಿದರು ಅಂತ ಗೋಲಿನ ಹಿಂದಿನ ಸ್ಟ್ಯಾಂಡುಗಳಿಗೆ ಬೀಗ ಬಿತ್ತು. ಖಾಲಿ ಬಿಡುವುದು ಯಾಕೆ ಅಂತ ಡಿಸೆಂಬರ್ 1ರ ಉಡಿನೇಸೆ ವಿರುದ್ಧದ ಮ್ಯಾಚಿಗೆ ಸುಮಾರು 12 ಸಾವಿರ ಶಾಲಾ ಮಕ್ಕಳನ್ನು ಕರೆತಂದು ಅಲ್ಲಿ ತುಂಬಿದರು. ಎಲ್ಲರಿಗೂ ಖುಷಿ. ಎಂಥ ಒಳ್ಳೇ ಯೋಚನೆ ಅಂತ ಬೆನ್ನು ತಟ್ಟಿಕೊಂಡರು. ಮ್ಯಾಚು ಶುರುವಾಯಿತು. ಎದುರಾಳಿ ಗೋಲ್‌ಕೀಪರು ಪ್ರತಿ ಸಲ ಚೆಂಡು ಒದೆಯಲು ಬಂದಾಗಲೂ ಮಕ್ಕಳೆಲ್ಲ ಒಟ್ಟಿಗೆ, ಹಾಲುಗಲ್ಲದ ದನಿಯಲ್ಲಿ, ದೊಡ್ಡವರು ಕೂಗುತ್ತಿದ್ದ ಅದೇ ಹೊಲಸು ಬೈಗುಳವನ್ನು ಕೂಗಿದವು! ಕ್ಲಬ್ಬಿಗೆ 5 ಸಾವಿರ ಯೂರೋ ದಂಡ ಬಿತ್ತು.

ದೊಡ್ಡವರನ್ನು ಆಚೆ ಹಾಕಿದರು. ಅವರ ಮಾತು ಮಾತ್ರ ಒಳಗೇ ಉಳಿದಿತ್ತು. ಮಕ್ಕಳು ಅದನ್ನು ಕಲಿತದ್ದು ಆ ದಿನವಲ್ಲ, ಎಂದೋ. ಅಪ್ಪನ ಪಕ್ಕ ಕೂತು, ಮನೆಯ ಟೀವಿ ಮುಂದೆ, ಗೆಳೆಯರ ಜೊತೆ. ಇದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಅಂಗಡಿಯ ಗಲ್ಲಾ ಪಕ್ಕ ಕೂತ ಮಗ ತೂಕ, ಲೆಕ್ಕ, ಗಿರಾಕಿಯನ್ನು ಮಾತಾಡಿಸುವ ರೀತಿ ಎಲ್ಲ ಕಲಿಯುತ್ತಾನೆ. ಅಪ್ಪ ತಕ್ಕಡಿಗೆ ಬೆರಳು ಹಚ್ಚಿದರೆ ಅದನ್ನೂ ಕಲಿಯುತ್ತಾನೆ. ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಅಂತ ಅವನಿಗೆ ಪ್ರತ್ಯೇಕ ಪಾಠ ಯಾರೂ ಮಾಡುವುದಿಲ್ಲ.

ಎರಡು ವರ್ಷ ಹಿಂದೆ, 2011ರ ಸೆಪ್ಟೆಂಬರ್ 20ರಂದು, ಟರ್ಕಿಯ ಇಸ್ತಾಂಬುಲ್‌ನಲ್ಲಿ ಇದಕ್ಕೆ ಉಲ್ಟಾ ನಡೆದಿತ್ತು. ಫೆನೆರ್‌ಬಾಚೆ ಕ್ಲಬ್ಬಿನ ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ ತಪ್ಪಿಗೆ ಗಂಡಸರಿಗೆ ಪ್ರವೇಶ ಬಂದ್. ಹೆಂಗಸರಿಗೂ 12 ವರ್ಷದೊಳಗಿನ ಮಕ್ಕಳಿಗೂ ಟಿಕೆಟ್ಟು ಪುಕ್ಕಟೆ. 41 ಸಾವಿರಕ್ಕೂ ಮೇಲೆ ಬಂದರು. ಕೂಗಿಗೇನೂ ಕಮ್ಮಿ ಇರಲಿಲ್ಲ. ಆದರೆ ಎದುರಾಳಿ ಮನಿಸಾಸ್ಪೋರ್ ತಂಡ ಮೈದಾನಕ್ಕೆ ಬಂದಾಗ ಬೈಗುಳದ ಬದಲು ಚಪ್ಪಾಳೆ ಬಿತ್ತು. ಆಟಗಾರರು ಸ್ಟ್ಯಾಂಡಿನ ಕಡೆ ಹೂವು ಎಸೆದರು. ಮ್ಯಾಚು 1-1 ಸಮ. ಅಮ್ಮಂದಿರು ಪಕ್ಕದಲ್ಲಿದ್ದ ಕಡೆ ಮಕ್ಕಳು ಚಪ್ಪಾಳೆ ಹೊಡೆದರು. ಹೊಲಸು ಕೂಗು ರೂಢಿಯಾಗಿದ್ದ ಕಡೆ ಮಕ್ಕಳು ಅದನ್ನೇ ಕೂಗಿದರು. ಮಕ್ಕಳು ಎರಡೂ ಕಡೆ ಮಕ್ಕಳೇ. ಪಕ್ಕದವರು ಯಾರು ಅನ್ನುವುದರಲ್ಲಿ ಇತ್ತು ವ್ಯತ್ಯಾಸ.

ನಮ್ಮ ಊರಿನಲ್ಲೇ ಒಂದು ಉದಾಹರಣೆ ಬೇಕೇ? 2023ರ ಮಾರ್ಚ್ 3. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ನಾಕೌಟ್ ಮ್ಯಾಚು. 96ನೇ ನಿಮಿಷದಲ್ಲಿ ಛೆಟ್ರಿ ಫ್ರೀ-ಕಿಕ್ಕನ್ನು ಎದುರಾಳಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಒದ್ದು ಗೋಲಿಗೆ ಹಾಕಿದರು. ರೆಫರಿ ಗೋಲು ಕೊಟ್ಟರು. ಕೇರಳದವರು ಸಿಟ್ಟಿಗೆದ್ದು ಮೈದಾನ ಬಿಟ್ಟೇ ಹೋದರು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಅವತ್ತು ಸ್ಟ್ಯಾಂಡಿನಲ್ಲಿದ್ದ ಯಾವ ಮಗುವಾದರೂ ಕೇಳಿಯೇ ಕೇಳುತ್ತದೆ: "ಅಪ್ಪಾ, ಅವರ್ಯಾಕೆ ಎದ್ದು ಹೋದ್ರು?" ಒಬ್ಬ ಅಪ್ಪ ಫ್ರೀ-ಕಿಕ್ಕಿನ ರೂಲು ಏನು, ರೆಫರಿ ಮಾತಿಗೆ ತಲೆಬಾಗುವುದು ಯಾಕೆ ಅಂತ ಹೇಳಬಹುದು. ಇನ್ನೊಬ್ಬ ಅಪ್ಪ ಕೇರಳದವರ ಕುಲ ಜಾಲಾಡಬಹುದು. ಮಗು ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತದೆ.

ಕಿವಿಯ ಮಾತು

ಎಲ್ಲರೂ ಮರೆಯುವುದು ಒಂದಿದೆ, ಮಗುವಿನ ಕಿವಿ. ಕಾರ್ಖಾನೆಯ ಕಾರ್ಮಿಕನಿಗೆ 85 ಡೆಸಿಬೆಲ್ ಶಬ್ದ ದಿನಕ್ಕೆ ಎಂಟು ಗಂಟೆ ಮಿತಿ ಅಂತ ಒಂದು ಲೆಕ್ಕ. ಶಬ್ದ ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧ ಆಗುತ್ತದೆ. ಹಾಗೆ ಏರುತ್ತಾ 100 ಡೆಸಿಬೆಲ್ ಮುಟ್ಟಿದರೆ ಬರೀ ಕಾಲು ಗಂಟೆ. ಡೋಲಿನ ಪಕ್ಕ, ತುಂಬಿದ ಸ್ಟ್ಯಾಂಡಿನಲ್ಲಿ 100 ಡೆಸಿಬೆಲ್ ದಾಟುವುದು ದೊಡ್ಡ ಮಾತಲ್ಲ. ಇದು ದೊಡ್ಡವರ ಕಿವಿಯ ಲೆಕ್ಕ. ಎಳೆ ಕಿವಿಗೆ ಮಿತಿ ಇನ್ನೂ ಕಮ್ಮಿ ಇಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿವಿ ಮುಚ್ಚುವ ಹೆಡ್‌ಫೋನಿನಂಥ ಮಫ್ ಅಂಗಡಿಗಳಲ್ಲಿ ಸಿಗುತ್ತವೆ. ಜರ್ಸಿಗೆ ದುಡ್ಡು ಕೊಡುವ ಅಪ್ಪ ಇದಕ್ಕೂ ಕೊಡಲಿ. ಡೋಲಿನಿಂದ ಹತ್ತು ಹದಿನೈದು ಮಾರು ದೂರ ನಿಂತರೆ ಶಬ್ದ ಎಷ್ಟೋ ಇಳಿಯುತ್ತದೆ, ಉತ್ಸಾಹ ಇಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

ಕೈಗೂಸನ್ನು ಕೂಗುವ ಸ್ಟ್ಯಾಂಡಿಗೆ ತರುವುದು ಬೇಡ. ಅದಕ್ಕೆ ಆಟವೂ ಬೇಡ, ಕೂಗೂ ಬೇಡ, ನಿದ್ದೆ ಬೇಕು. ಮಾತು ತಿಳಿಯುವ, "ಇಲ್ಲೇ ಇರು" ಅಂದರೆ ಇರುವ ವಯಸ್ಸಿನ ಮಗು ಬರಲಿ. ಮೊದಲ ಒಂದೆರಡು ಮ್ಯಾಚು ಕುರ್ಚಿ ಸ್ಟ್ಯಾಂಡಿನಿಂದಲೇ ಕೂಗುವವರನ್ನು ತೋರಿಸಿ. ಮಗುವೇ "ಅಲ್ಲಿಗೆ ಹೋಗೋಣಪ್ಪಾ" ಅಂದಾಗ ಕರೆದುಕೊಂಡು ಹೋಗಿ. ಅಪ್ಪನ ಹುಚ್ಚಿಗೆ ಮಗು ಬರಬಾರದು, ತನ್ನ ಹುಚ್ಚಿಗೆ ಬರಬೇಕು.

ಸ್ಟ್ಯಾಂಡಿನ ನಡುಮಧ್ಯೆ ನುಗ್ಗಬೇಡಿ. ಅಂಚಿನಲ್ಲಿ, ಮೆಟ್ಟಿಲ ಪಕ್ಕದಲ್ಲಿ ನಿಲ್ಲಿ. ತೀರ ಮುಂದಿನ ಕಂಬಿಗೆ ಮಗುವನ್ನು ಒರಗಿಸಬೇಡಿ; ಗೋಲು ಬಿದ್ದಾಗ ಹಿಂದಿನವರೆಲ್ಲ ಮುಂದಕ್ಕೆ ಬರುತ್ತಾರೆ. ಒಳಗೆ ಹೋದ ಕೂಡಲೇ ಆಚೆ ಬರುವ ದಾರಿ ಎರಡು ನೋಡಿಟ್ಟುಕೊಳ್ಳಿ. ಮಗುವಿನ ಮುಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರು ಬರೆಯಿರಿ. ಕೈತಪ್ಪಿದರೆ ಎಲ್ಲಿ ನಿಲ್ಲಬೇಕು ಅಂತ ಮೊದಲೇ ತೋರಿಸಿ. ಗೇಟಿನ ಹತ್ತಿರ ಎರಡೂ ಭುಜಕ್ಕೆ ಜನ ತಾಗುತ್ತಿದ್ದಾರೆ ಅನ್ನಿಸಿದರೆ ಅಲ್ಲಿಂದಲೇ ವಾಪಸ್ಸು ತಿರುಗಿ. ಟಿಕೆಟ್ ದುಡ್ಡು ಹೋದರೆ ಹೋಯಿತು. ಮ್ಯಾಚು ಮುಗಿದ ಮೇಲೆ ಬಸ್ಸು ತಪ್ಪುತ್ತೆ ಅಂತ ಓಡಬೇಡಿ. ಜನ ಕರಗುವ ತನಕ ಕೂತಿರಿ. ಆಟಗಾರರು ಸ್ಟ್ಯಾಂಡಿನ ಮುಂದೆ ಬಂದು, 2016ರಲ್ಲಿ ಐಸ್‌ಲ್ಯಾಂಡಿನವರು ಲೋಕಕ್ಕೆಲ್ಲ ತೋರಿಸಿಕೊಟ್ಟ ಆ ನಿಧಾನದ ಚಪ್ಪಾಳೆ ಹೊಡೆದರಂತೂ ಮಗುವಿಗೆ ಅದೇ ದೊಡ್ಡ ಸಿಹಿ.

ಕೂಗುವ ಬಳಗದವರಿಗೂ ಒಂದೆರಡು ಮಾತು. ಕೈಯಲ್ಲಿ ಮೈಕು ಇರುವವನು ಎತ್ತಿಕೊಟ್ಟ ಕೂಗನ್ನೇ ಜನ ಕೂಗುವುದು. ಮಕ್ಕಳು ಬಂದಿದ್ದಾರೆ ಅಂತ ಅವನು ಒಂದು ಸಲ ಹೇಳಿದರೆ ಸಾಕು, ಬೈಗುಳಕ್ಕೆ ತಾನಾಗಿ ಕಡಿವಾಣ ಬೀಳುತ್ತದೆ. ಸ್ಟ್ಯಾಂಡಿನ ಒಂದು ಅಂಚನ್ನು ಮಕ್ಕಳು ಮರಿ ಇರುವವರಿಗೆ ಬಿಟ್ಟುಕೊಡಿ. ಬಾವುಟದ ಕೋಲು ಮಗುವಿನ ಮುಖಕ್ಕೆ ತಾಗದ ಹಾಗೆ ಬೀಸಿ. ಒಂದು ಸಲವಾದರೂ ಡೋಲಿನ ಕೋಲನ್ನು ಆ ಪುಟ್ಟ ಕೈಗೆ ಕೊಟ್ಟು ನೋಡಿ. ಅವತ್ತು ರಾತ್ರಿ ಆ ಮಗು ನಿದ್ದೆ ಮಾಡುವುದಿಲ್ಲ, ಆಮೇಲೆ ಆ ಕ್ಲಬ್ಬನ್ನು ಜನ್ಮಕ್ಕೂ ಬಿಡುವುದಿಲ್ಲ.

ಹುಡುಗಿಯರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಅಪ್ಪಂದಿರು ಮಗನ ಕೈ ಹಿಡಿಯುವಷ್ಟು ಸುಲಭವಾಗಿ ಮಗಳ ಕೈ ಹಿಡಿದು ಈ ಸ್ಟ್ಯಾಂಡಿಗೆ ಬರುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು. ಮಗಳನ್ನು ಕರೆತರಲು ಅಪ್ಪ ಹಿಂಜರಿಯುವಂಥ ಸ್ಟ್ಯಾಂಡು ಮಗನಿಗೂ ತಕ್ಕದ್ದಲ್ಲ. ಈ ಒಂದು ಅಳತೆಗೋಲು ಇಟ್ಟುಕೊಂಡರೆ ಉಳಿದ ರೂಲುಗಳೇ ಬೇಡ.

ಹೆಂಡತಿ ಕೇಳಿದ ಪ್ರಶ್ನೆಗೆ "ನಾನಿಲ್ವೇನೇ?" ಅನ್ನುವುದು ಅರ್ಧ ಉತ್ತರ ಅಂತ ಹೇಳಿದ್ದು ಇದಕ್ಕೇ. ಅಪ್ಪ ಇದ್ದರೆ ಸಾಲದು. ಅಪ್ಪನ ಪಕ್ಕದವನು, ಅವನ ಪಕ್ಕದವನು, ಮೈಕು ಹಿಡಿದವನು, ಗೇಟು ಕಾಯುವವನು, ಟಿಕೆಟ್ ಮಾರುವವನು, ಎಲ್ಲರೂ ಆ ಹೊತ್ತಿಗೆ ಆ ಮಗುವಿನ ಹಿರಿಯರಾಗಬೇಕು. ಮಗುವನ್ನು ಕೂಗುವ ಸ್ಟ್ಯಾಂಡಿಗೆ ತಕ್ಕ ಹಾಗೆ ಗಟ್ಟಿ ಮಾಡಲು ಹೋಗಬೇಡಿ. ಸ್ಟ್ಯಾಂಡನ್ನೇ ಮಗುವಿಗೆ ತಕ್ಕ ಹಾಗೆ ಮಾಡಿ. ಅಷ್ಟು ಮಾಡಿದರೆ ಮುಂದಿನ ಮ್ಯಾಚಿಗೆ ಹೆಂಡತಿಯೂ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಬಂದು ನಿಂತಾಳು.